ಒಂಬತ್ತು ವರ್ಷ ಓಡಿಸಿದ ಮೇಲೆ: ಕಾರಿಗೆ ನಾಲ್ಕು ಸ್ಟಾರ್, ಕಾರನ್ನೇ ನಂಬಿದ ನಗರಕ್ಕೆ ಒಂದೂವರೆ

ಕಾರು ತಗೊಂಡ ಮೊದಲ ವಾರವೇ ರಿವ್ಯೂ ಬರೆಯುವವರ ಮೇಲೆ ನನಗೆ ನಂಬಿಕೆ ಕಡಿಮೆ. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರುವುದಿಲ್ಲ, ಆಗಲೇ ಐದು ಸ್ಟಾರ್. ನನ್ನದು ಒಂಬತ್ತು ವರ್ಷದ ಹಳೇ ಗಾಡಿ. ಚಿಕ್ಕ ಹ್ಯಾಚ್‌ಬ್ಯಾಕ್, ಪೆಟ್ರೋಲ್, ಮೀಟರಿನಲ್ಲಿ 92,000 ಕಿಲೋಮೀಟರ್. ಕಂಪನಿ ಹೆಸರು ಬರೆಯುತ್ತಿಲ್ಲ, ನನ್ನ ತಕರಾರು ಕಂಪನಿ ಮೇಲಲ್ಲ. ಇದರ ಜಾಗದಲ್ಲಿ ಬೇರೆ ಯಾವ ಕಾರಿದ್ದರೂ ಇದೇ ರಿವ್ಯೂ ಬರೆಯುತ್ತಿದ್ದೆ.

ಗಾಡಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಳ್ಳೇ ಗಾಡಿ. ಎಂಜಿನ್ ಒಂದು ದಿನವೂ ಕೈಕೊಟ್ಟಿಲ್ಲ. ಕ್ಲಚ್ ಪ್ಲೇಟ್ ಒಂದು ಸಲ, ಬ್ಯಾಟರಿ ಎರಡು ಸಲ, ಟೈರು ಎರಡು ಸಲ ಬದಲಾಗಿವೆ, ಅಷ್ಟೆ. ಡಿಕ್ಕಿ ಚಿಕ್ಕದು. ಹಿಂದೆ ಮೂವರು ಕೂತರೆ ನಡುವಿನವರಿಗೆ ಶಿಕ್ಷೆ. ಆದರೆ ಒಂದು ರಾತ್ರಿ ಎರಡು ಗಂಟೆಗೆ, ಸುರಿಯುವ ಮಳೆಯಲ್ಲಿ, ಜ್ವರದಿಂದ ಮೈ ಸುಡುತ್ತಿದ್ದ ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀ ತಿರುಗಿಸಿದಾಗ ತಕ್ಷಣ ಸ್ಟಾರ್ಟ್ ಆಯಿತಲ್ಲ, ಆ ಒಂದು ಸಲಕ್ಕೇ ನಾಲ್ಕು ಸ್ಟಾರ್ ಕೊಟ್ಟುಬಿಟ್ಟಿದ್ದೇನೆ. ಅದನ್ನು ವಾಪಸ್ ತಗೊಳ್ಳುವುದಿಲ್ಲ.

ಈಗ ಉಳಿದದ್ದು. ಸ್ಟೇರಿಂಗ್ ಹಿಂದೆ ಒಂದು ಚಿಕ್ಕ ಪರದೆ ಇದೆ. ಅದರಲ್ಲಿ ಮೈಲೇಜ್ ನೋಡುವುದು ಎಲ್ಲರ ಚಟ. ಬಟನ್ ಇನ್ನೆರಡು ಸಲ ಒತ್ತಿದರೆ ಸರಾಸರಿ ವೇಗ ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಕಳೆದ ವರ್ಷ ಒಂದೇ ಸಿಗ್ನಲ್ಲಿನಲ್ಲಿ ಮೂರನೇ ಸಲ ಕೆಂಪು ಬಿದ್ದಾಗ ಬೇಜಾರಿಗೆ ಒತ್ತಿದೆ. 17 ಅಂತ ತೋರಿಸಿತು. ಗಂಟೆಗೆ 17 ಕಿಲೋಮೀಟರ್! ಪಕ್ಕದಲ್ಲೇ 180ರ ತನಕ ಅಂಕಿ ಬರೆದುಕೊಂಡ ಸ್ಪೀಡೋಮೀಟರ್ ಬೇರೆ. ಮೀಟರೇ ಕೆಟ್ಟಿರಬೇಕು ಅಂತ ಅದನ್ನು ಸೊನ್ನೆಗೆ ತಂದು ಒಂದು ತಿಂಗಳು ಓಡಿಸಿ ನೋಡಿದೆ. ಮತ್ತೆ ಅದೇ 17. ಸೈಕಲ್ಲಿನವರು ಉಸಿರು ಹತ್ತದೆ ಹೋಗುವ ವೇಗ.

ಕೂತು ಲೆಕ್ಕ ಹಾಕಿದೆ. ಹೊರಗಿನ ಊರುಗಳಿಗೆ ಹೋಗಿದ್ದು ಬಿಟ್ಟರೆ ನಗರದೊಳಗೆ ಓಡಿಸಿದ್ದು ಸುಮಾರು 68,000 ಕಿ.ಮೀ. ಗಂಟೆಗೆ 17ರಂತೆ 4,000 ಗಂಟೆ ಆಯಿತು. ಅಂದರೆ ಹಗಲು ರಾತ್ರಿ ಸೇರಿಸಿ 166 ದಿನ ನಾನು ಆ ಸೀಟಿನಲ್ಲಿ ಕೂತಿದ್ದೇನೆ, ಜಾಸ್ತಿ ಹೊತ್ತು ಮುಂದಿನ ಗಾಡಿಯ ಬಂಪರ್ ನೋಡುತ್ತಾ.

ಸಮಯ ಉಳಿಯಲಿ ಅಂತ ತಾನೇ ಕಾರು ತಗೊಂಡಿದ್ದು? ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇದನ್ನು ಚೆನ್ನಾಗಿ ಹಿಡಿದಿದ್ದರು. ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆ ಓಡಾಟಕ್ಕೆ ಕೊಡುತ್ತಾನೆ, ಕಾಲ್ನಡಿಗೆಯ ಕಾಲದಲ್ಲೂ ಅಷ್ಟೇ, ಕಾರಿನ ಕಾಲದಲ್ಲೂ ಅಷ್ಟೇ ಅನ್ನುವುದು ಅವರ ವಾದ. ವೇಗ ಹೆಚ್ಚಿದರೆ ಆ ಗಂಟೆ ಉಳಿಯುವುದಿಲ್ಲ, ಅಷ್ಟೇ ಹೊತ್ತಿನಲ್ಲಿ ಹೋಗುವ ದೂರ ಹೆಚ್ಚುತ್ತದೆ. ನಮ್ಮ ಮನೆಯಲ್ಲೂ ಇದೇ ಆಗಿದ್ದು. ಹೇಗೂ ಕಾರಿದೆಯಲ್ಲ ಅಂತ ಆಫೀಸಿನಿಂದ 14 ಕಿಲೋಮೀಟರ್ ದೂರ ಮನೆ ಮಾಡಿದೆವು. ನಮ್ಮಂತೆಯೇ ಇನ್ನೂ ಸಾವಿರಾರು ಜನ ಹೇಗೂ ಕಾರಿದೆಯಲ್ಲ ಅಂದುಕೊಂಡರು. ಅಂಗಡಿಗಳು ಪಾರ್ಕಿಂಗ್ ಸಿಗುವ ಕಡೆಗೆ ಹೋದವು, ಶಾಲೆ ದೊಡ್ಡ ಜಾಗ ಸಿಗುವ ಕಡೆಗೆ ಹೋಯಿತು, ಬಸ್ಸಿಗೆ ಜನ ಕಡಿಮೆ ಅಂತ ಬಸ್ಸಿನ ಸಂಖ್ಯೆ ಕಡಿಮೆಯಾಯಿತು, ಬಸ್ಸು ಕಡಿಮೆ ಅಂತ ಉಳಿದವರೂ ಕಾರು ತಗೊಂಡರು. ಅನುಕೂಲಕ್ಕೆ ಅಂತ ಮನೆಗೆ ಬಂದಿದ್ದು ಕೆಲವೇ ವರ್ಷಗಳಲ್ಲಿ ಕಡ್ಡಾಯವಾಗಿ ಕೂತಿತು. ಬೇರೆ ಯಾವ ವಸ್ತು ಹೀಗೆ ಮಾಡುತ್ತದೆ ಹೇಳಿ? ಫ್ರಿಜ್ ತಗೊಂಡರೆ ಪಕ್ಕದ ಮನೆಯವರೂ ಫ್ರಿಜ್ ತಗೊಳ್ಳಲೇಬೇಕಾದ ಸ್ಥಿತಿ ಬರುವುದಿಲ್ಲ.

ರಸ್ತೆ ಅಗಲ ಮಾಡಿದರೆ ಸರಿಹೋಗುತ್ತದೆ ಅನ್ನುವ ಮಾತನ್ನು ನಾನೂ ಬೇಕಾದಷ್ಟು ಸಲ ಆಡಿದ್ದೇನೆ. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಫ್ರೀವೇ ಅನ್ನುವ ಹೆದ್ದಾರಿಯನ್ನು ಹಾಗೇ ಅಗಲ ಮಾಡಿದರು. ಕೆಲಸ ಮುಗಿದಿದ್ದು 2008ರಲ್ಲಿ. ಪಕ್ಕದ ರಸ್ತೆಗಳನ್ನೂ ಸೇರಿಸಿ ಎಣಿಸಿದರೆ ಕೆಲವು ಕಡೆ 26 ಲೇನ್. ಕೆಲವೇ ವರ್ಷಗಳಲ್ಲಿ ಅದೂ ತುಂಬಿತು, ಸಂಜೆ ಮನೆಗೆ ಹೋಗಲು ಹಿಡಿಯುವ ಹೊತ್ತು ಮತ್ತೆ ಏರಿತು. ಖಾಲಿ ರಸ್ತೆ ಕಂಡರೆ ಇಷ್ಟು ದಿನ ಮನೆಯಲ್ಲಿದ್ದ ಕಾರು ಹೊರಗೆ ಬರುತ್ತದೆ, ಅಷ್ಟೇ ಕಥೆ.

ಸರ್ವಿಸ್ ಬಗ್ಗೆ ಬರೆಯದಿದ್ದರೆ ಅದು ರಿವ್ಯೂ ಆಗುವುದಿಲ್ಲ ಅಲ್ವಾ? ಬರೆಯುತ್ತೇನೆ. ಈ ವರ್ಷ ಸ್ಟೇರಿಂಗ್‌ನಲ್ಲಿ ಕಟಕಟ ಸದ್ದು ಶುರುವಾಯಿತು. ಪಾರ್ಟ್ ತರಿಸಬೇಕು, ನಾಲ್ಕು ದಿನ ಸಾಕು ಅಂದರು. ಹನ್ನೊಂದು ದಿನ ಹಿಡಿಯಿತು. ಸಿಟ್ಟು ಬಂದಿದ್ದು ನಿಜ. ಆದರೆ ಈ ಇಡೀ ರಿವ್ಯೂ ಹುಟ್ಟಿದ್ದೇ ಆ ಹನ್ನೊಂದು ದಿನಗಳಲ್ಲಿ.

ಮೊದಲ ದಿನ ಕೀ ಕೊಟ್ಟು ಗೇಟಿನಿಂದ ಹೊರಗೆ ಬಂದೆ. ಫುಟ್‌ಪಾತ್ ಹತ್ತು ಹೆಜ್ಜೆ ಇತ್ತು, ಆಮೇಲೆ ಒಂದು ಗೋಡೆ. ಎದುರುಗಡೆ ಔಷಧಿ ಅಂಗಡಿಯ ಹಸಿರು ಪ್ಲಸ್ ಗುರುತು ಕಾಣುತ್ತಿತ್ತು, ತಲೆನೋವಿನ ಮಾತ್ರೆ ಬೇಕಿತ್ತು. ನಡುವೆ ಎಂಟು ಲೇನ್ ರಸ್ತೆ, ಅದರ ನಡುವೆ ಎದೆ ಎತ್ತರದ ಕಬ್ಬಿಣದ ರೇಲಿಂಗ್. ದಾಟುವುದಕ್ಕೆ ಮೇಲ್ಸೇತುವೆ ಎಲ್ಲಿದೆ ಅಂತ ವಾಚ್‌ಮನ್ ಹತ್ತಿರ ಕೇಳಿದೆ. ಅವರು ಕೈ ತೋರಿಸಿದ ಕಡೆ ಏನೂ ಕಾಣಲಿಲ್ಲ, ಅಷ್ಟು ದೂರ. ನಡೆದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಮೊಣಕೈಗೆ ತಾಗುವ ಹಾಗೆ ಹೋಗುವ ಗಾಡಿಗಳು. ಹೋದೆ, 46 ಮೆಟ್ಟಿಲು ಹತ್ತಿದೆ, ಇಳಿದೆ, ಅಷ್ಟೇ ದೂರ ವಾಪಸ್ ನಡೆದೆ. ಕಣ್ಣೆದುರಿದ್ದ ಅಂಗಡಿಗೆ 25 ನಿಮಿಷ. ಆ ರಸ್ತೆಯಲ್ಲಿ ಒಂಬತ್ತು ವರ್ಷ ಓಡಾಡಿದ್ದೇನೆ. ರೇಲಿಂಗ್ ಹಾರುವವರನ್ನು ಕಂಡು ಎಷ್ಟು ಸಲ ಹಾರ್ನ್ ಒತ್ತಿಲ್ಲ, ಒಳಗೇ ಕೂತು ಎಷ್ಟು ಬೈದಿಲ್ಲ! ನಾಚಿಕೆ ಬಿಟ್ಟು ಹೇಳುತ್ತೇನೆ, ಬರುವಾಗ ನಾನೂ ಹಾರಿದೆ. ಒಂದು ಕಾರು ಹಾರ್ನ್ ಒತ್ತಿಕೊಂಡೇ ಹೋಯಿತು. ನನ್ನದೇ ಮಾಡೆಲ್.

ಈ ಬೈಗುಳಕ್ಕೂ ಒಂದು ಚರಿತ್ರೆ ಇದೆ. ಕಾರು ಬರುವ ಮೊದಲು ಬೀದಿ ಎಲ್ಲರದ್ದಾಗಿತ್ತು, ನಡುವೆ ನಿಂತು ಮಾತಾಡುವವರು, ಆಡುವ ಮಕ್ಕಳು, ತಳ್ಳುಗಾಡಿ, ಎಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ನಗರಗಳಲ್ಲಿ ಕಾರಿಗೆ ಸಿಕ್ಕಿ ಸಾಯುವವರು ಹೆಚ್ಚಿದಾಗ ಜನ ಕಾರುಗಳ ಮೇಲೇ ತಿರುಗಿಬಿದ್ದರು. ಆಗ ಕಾರು ಮಾರುವವರು ಮತ್ತು ಕಾರು ಕ್ಲಬ್ಬುಗಳು, ಕಂಡಲ್ಲಿ ರಸ್ತೆ ದಾಟುವವರನ್ನು ಮೂದಲಿಸುವ 'ಜೇವಾಕರ್' ಅನ್ನುವ ಪದವನ್ನು ಎತ್ತಿಕೊಂಡು ಎಲ್ಲೆಡೆ ಹಬ್ಬಿಸಿದವು. ಆಗಿನ ಆಡುಮಾತಿನಲ್ಲಿ 'ಜೇ' ಅಂದರೆ ಪೇಟೆಯ ರೀತಿ ಗೊತ್ತಿಲ್ಲದ ಗಮಾರ. 1925ರಲ್ಲಿ ಲಾಸ್ ಏಂಜಲೀಸ್ ಕಂಡಲ್ಲಿ ರಸ್ತೆ ದಾಟುವುದನ್ನು ತಪ್ಪು ಅಂತ ನಿಯಮ ಮಾಡಿತು. ಆ ನಗರವಿರುವ ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಕಾನೂನನ್ನು ಸಡಿಲಿಸಿದ್ದು 2023ರಲ್ಲಿ. ಗುದ್ದುವವನ ತಪ್ಪು ದಾಟುವವನ ತಪ್ಪಾಗಿ ಬದಲಾಗಿದ್ದು ಹೀಗೆ, ನಾನು ಆ ಪದ ಕೇಳದೆಯೇ ಆ ಬುದ್ಧಿ ಕಲಿತಿದ್ದೆ.

ಬಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹನ್ನೊಂದು ದಿನ ಬಸ್ಸಿನಲ್ಲಿ ಹೋದೆ. ಕಾರಿಗಿಂತ ಹದಿನೈದು ನಿಮಿಷ ಜಾಸ್ತಿ ಬೇಕಾಯಿತು. ಅದಕ್ಕೂ ಕಾರಣ ನನ್ನಂಥವರೇ, ಅರವತ್ತು ಜನರಿದ್ದ ಬಸ್ಸು ಒಬ್ಬೊಬ್ಬರೇ ಕೂತ ಕಾರುಗಳ ಹಿಂದೆ ನಿಂತಿರುತ್ತದೆ. ಒಂದು ಲೇನಿನಲ್ಲಿ ಕಾರುಗಳೇ ತುಂಬಿದರೆ ಗಂಟೆಗೆ 600ರಿಂದ 1,600 ಜನ ಹೋಗಬಹುದು, ಅದೇ ಲೇನನ್ನು ಬಸ್ಸಿಗೆ ಬಿಟ್ಟರೆ 4,000ದಿಂದ 8,000 ಅಂತ ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೊ ಲೆಕ್ಕ ಕೊಡುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಈ ಲೆಕ್ಕಕ್ಕೆ ಸಂಘ ಬೇಕಿಲ್ಲ, ಎಣಿಸಿದರೆ ಸಾಕು.

ಸುರಕ್ಷತೆಗೆ ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇದೆ, ಎಬಿಎಸ್ ಇದೆ. ಎಲ್ಲ ಒಳಗೆ ಕೂತ ನಮಗೆ. ಹೊರಗಿರುವವರಿಗೆ ಇರುವುದು ನನ್ನ ಕಾಲಿನ ಕೆಳಗಿನ ಬ್ರೇಕ್ ಒಂದೇ. 30ರಲ್ಲಿ ಹೋಗುವ ಗಾಡಿ 50ಕ್ಕೆ ಏರಿದರೆ ಅದರ ಗುದ್ದಿನ ಶಕ್ತಿ ಸುಮಾರು ಎರಡೂಮುಕ್ಕಾಲು ಪಟ್ಟು ಆಗುತ್ತದೆ, ಒಳಗೆ ಕೂತವರಿಗೆ ಮಾತ್ರ ಎರಡೂ ಒಂದೇ ಥರ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು ಸುಮಾರು 11 ಲಕ್ಷ 90 ಸಾವಿರ. ಐದರಿಂದ 29 ವರ್ಷದೊಳಗಿನವರನ್ನು ಎಲ್ಲಕ್ಕಿಂತ ಜಾಸ್ತಿ ಕೊಲ್ಲುವುದೂ ಇದೇ. ಹಾಗಾಗಿ ಮಗಳನ್ನು ಒಂದು ಕಿಲೋಮೀಟರ್ ದೂರದ ಡ್ರಾಯಿಂಗ್ ಕ್ಲಾಸಿಗೆ ನಡೆಸಿ ಕಳಿಸಲು ಭಯ, ಕಾರಿನಲ್ಲಿ ಬಿಡುತ್ತೇನೆ. ಬೇರೆ ಅಪ್ಪ ಅಮ್ಮಂದಿರಿಗೂ ಭಯ, ಅವರೂ ಕಾರಿನಲ್ಲಿ ಬಿಡುತ್ತಾರೆ. ಹಾಗೆ ಬಿಡಲು ಬಂದ ಕಾರುಗಳೇ ಆ ರಸ್ತೆಯ ಭಯ.

ಇನ್ನು ನಿಂತಾಗ ಗಾಡಿ ಹೇಗೆ ಅಂತ ಯಾವ ರಿವ್ಯೂನಲ್ಲೂ ಬರೆಯುವುದಿಲ್ಲ, ಕಾರು ಮಾಡುವ ಮುಖ್ಯ ಕೆಲಸವೇ ಅದು. ಒಂಬತ್ತು ವರ್ಷ ಅಂದರೆ ಒಟ್ಟು ಹೆಚ್ಚುಕಡಿಮೆ 79,000 ಗಂಟೆ. ಹೊರಗಿನ ಊರುಗಳಿಗೆ ಹೋಗಿದ್ದೂ ಸೇರಿಸಿದರೆ ನಾನು ಓಡಿಸಿದ್ದು 4,400 ಗಂಟೆ. ಉಳಿದ ನೂರಕ್ಕೆ 94 ಪಾಲು ಹೊತ್ತು ಅದು ಸುಮ್ನೆ ನಿಂತಿತ್ತು. ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು, ಅಂದರೆ ಹನ್ನೆರಡೂವರೆ ಚದರ ಮೀಟರ್. ನನ್ನ ಮಗಳ ಕೋಣೆ ಅದಕ್ಕಿಂತ ಚಿಕ್ಕದು. ಮನೆ ಹತ್ತಿರ ಒಂದು, ಆಫೀಸಿನಲ್ಲಿ ಒಂದು, ಅಂಗಡಿ ಮುಂದೆ ಒಂದು, ಹೀಗೆ ಒಂದು ಕಾರಿಗೆ ನಗರ ಹಲವು ಕೋಣೆ ಖಾಲಿ ಇಟ್ಟುಕೊಂಡಿರಬೇಕು. ಜಪಾನಿನಲ್ಲಿ 1962ರಿಂದ ಕಾನೂನಿದೆ, ನಿಲ್ಲಿಸಲು ಬೀದಿ ಬಿಟ್ಟು ಬೇರೆ ಜಾಗ ಇದೆ ಅಂತ ತೋರಿಸಬೇಕು. ಮೊದಲು ಓದಿದಾಗ ಅತಿಯಾಯಿತು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ನನ್ನ ಬೀರು ಮನೆಯೊಳಗೆ ಹಿಡಿಸಲಿಲ್ಲ ಅಂತ ಬೀದಿಯಲ್ಲಿ ಇಟ್ಟರೆ ಯಾರು ಸುಮ್ಮನಿರುತ್ತಾರೆ?

ನಮ್ಮ ಕಟ್ಟಡದ ಕೆಳಗೆ ನನ್ನ ಜಾಗ ಆ ಹನ್ನೊಂದು ದಿನ ಖಾಲಿ ಇತ್ತು. ಮೂರನೇ ದಿನ ಸಂಜೆ ನೋಡಿದರೆ ಸೀಮೆಸುಣ್ಣದ ಗೆರೆಗಳು, ಕುಂಟೆಬಿಲ್ಲೆಯ ಮನೆಗಳು. ಐದನೇ ದಿನಕ್ಕೆ ಎರಡು ಕುರ್ಚಿ ಬಂದವು, ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿಯೊಬ್ಬರು, ಅವರ ಜೊತೆ ಮಾತಿಗೆ ಇನ್ನೊಬ್ಬರು. ಎದುರು ಮನೆಯವರ ಹೆಸರು ನನಗೆ ಗೊತ್ತಾಗಿದ್ದು ಆಗಲೇ. ಅಲ್ಲಿಯವರೆಗೆ ಅವರ ಕಾರಿನ ನಂಬರ್ ಮಾತ್ರ ಗೊತ್ತಿತ್ತು, ಅದೂ ಒಮ್ಮೆ ಅಡ್ಡ ನಿಲ್ಲಿಸಿದ್ದಕ್ಕೆ ಜಗಳ ಆಡಿ. ಹನ್ನೆರಡನೇ ದಿನ ಕಾರು ತಂದು ಗೆರೆಗಳ ಮೇಲೇ ನಿಲ್ಲಿಸಿದೆ. ಒಬ್ಬ ಹುಡುಗ ಬಂದು ಬಾಗಿಲ ಹತ್ತಿರ ನಿಂತು, "ಅಂಕಲ್, ಮತ್ತೆ ಯಾವಾಗ ರಿಪೇರಿಗೆ ಕಳಿಸ್ತೀರಿ?" ಅಂತ ಕೇಳಿದ. ಏನು ಹೇಳಲಿ?

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಆಪಲ್‌ಯಾರ್ಡ್ ಇದನ್ನು ಅಳತೆ ಮಾಡಿಯೇ ತೋರಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ಥರದ ಮೂರು ಬೀದಿಗಳು: ಒಂದರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ತಮ್ಮ ಬೀದಿಯಲ್ಲೇ ಇದ್ದ ಗೆಳೆಯರು, ಗಾಡಿ ಜಾಸ್ತಿ ಇದ್ದ ಬೀದಿಯವರಿಗಿಂತ ಮೂರು ಪಟ್ಟು. ಇದು ಪ್ರಕಟವಾಗಿದ್ದು 1972ರಲ್ಲಿ. ಹತ್ತು ವರ್ಷದ ನಂತರ, 1982ರಲ್ಲಿ, ಆಪಲ್‌ಯಾರ್ಡ್ ಅಥೆನ್ಸ್‌ನಲ್ಲಿ ಕಾರು ಗುದ್ದಿ ತೀರಿಕೊಂಡರು.

ಹಾಗಾದರೆ ಕಾರು ಬಂದ ಮೇಲೆ ನಗರ ಹೀಗೇ ಇರಬೇಕಾ ಅಂದರೆ, ಇಲ್ಲ. ಈಗ ಸೈಕಲ್ಲಿನ ನಾಡು ಅಂತ ಎಲ್ಲರೂ ಹೊಗಳುವ ನೆದರ್ಲೆಂಡ್ಸ್‌ನಲ್ಲಿ 1971ರಲ್ಲಿ ರಸ್ತೆ ಅಪಘಾತಕ್ಕೆ 3,000ಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಇಳಿದರು, 1973ರಲ್ಲಿ ತೈಲದ ಬಿಕ್ಕಟ್ಟೂ ಬಂತು, ಭಾನುವಾರಗಳಲ್ಲಿ ಕಾರು ಓಡದಂತೆ ಸರ್ಕಾರವೇ ತಡೆಯಿತು. ಅಲ್ಲಿನ ಸೈಕಲ್ ದಾರಿಗಳು ಹವಾಗುಣದಿಂದ ಬಂದವಲ್ಲ, ಜಗಳ ಮಾಡಿ ಬಂದವು. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ಎತ್ತರದ ಹೆದ್ದಾರಿಯೊಂದನ್ನು ಕೆಡವಿ, ಅದರಡಿ ಹೂತಿದ್ದ ಚೊಂಗ್ಗೆಚೊನ್ ತೊರೆಯನ್ನು 2005ರಲ್ಲಿ ಮತ್ತೆ ಹರಿಸಿತು. ಸ್ಪೇನಿನ ಪೊಂಟೆವೆದ್ರ 1999ರಿಂದ ನಗರದ ನಡುಭಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದೆ.

ಎಲೆಕ್ಟ್ರಿಕ್ ತಗೊಂಡರೆ ಸರಿಹೋಗುತ್ತಲ್ಲ ಅಂತ ಕೇಳುವವರು ಇರುತ್ತಾರೆ. ಹೊಗೆ ಹೋಗುತ್ತದೆ, ಒಳ್ಳೇದೇ. ಹನ್ನೆರಡೂವರೆ ಚದರ ಮೀಟರ್ ಹಾಗೇ ಇರುತ್ತದೆ, ರೇಲಿಂಗ್ ಹಾಗೇ ಇರುತ್ತದೆ.

ಕಾರು ತಗೊಳ್ಳಬೇಕಾ ಬೇಡವಾ? ನಡೆಯಲು ಕಷ್ಟವಾಗುವ ಹಿರಿಯರು ಮನೆಯಲ್ಲಿದ್ದರೆ, ರಾತ್ರಿ ಪಾಳಿ ಇದ್ದರೆ, ಬಸ್ಸೇ ಬರದ ಕಡೆ ಮನೆ ಇದ್ದರೆ ತಗೊಳ್ಳಿ, ಕೀಳರಿಮೆ ಬೇಡ. ಆದರೆ ಷೋರೂಮಿಗೆ ಹೋಗುವ ಮೊದಲು ಒಂದು ವಾರ ಕಾರಿಲ್ಲದೆ ನಿಮ್ಮ ಎಲ್ಲ ಕೆಲಸ ಮಾಡಿ ನೋಡಿ. ಎಲ್ಲೆಲ್ಲಿ ಆಗಲಿಲ್ಲ ಅಂತ ಬರೆದಿಟ್ಟುಕೊಳ್ಳಿ. ಮನೆ ಹುಡುಕುತ್ತಿದ್ದರೆ ಇನ್ನೂ ಒಳ್ಳೇದು, ಮೊದಲು ಬಸ್ ಸ್ಟಾಪ್ ನೋಡಿ, ಆಮೇಲೆ ಬಾಲ್ಕನಿ ನೋಡಿ. ನಾವು ಉಲ್ಟಾ ಮಾಡಿದ್ದೆವು. ನಾನು ನನ್ನ ಕಾರು ಮಾರುತ್ತಿಲ್ಲ, 14 ಕಿಲೋಮೀಟರ್ ದೂರದ ಮನೆಯ ಮೇಲೆ ಇನ್ನೂ ಸಾಲ ಇದೆ. ವಾರಕ್ಕೆ ಎರಡು ದಿನ ಬಸ್ಸು, ಅಷ್ಟಕ್ಕೆ ತಂದಿದ್ದೇನೆ.

ಇದನ್ನು ಬರೆಯುವ ಮೊದಲು ಕೆಳಗೆ ಹೋಗಿ ಪರದೆ ನೋಡಿ ಬಂದೆ. ಸ್ಟೇರಿಂಗ್ ಸದ್ದು ಪೂರ್ತಿ ಹೋಗಿದೆ, ಕೆಲಸ ಚೆನ್ನಾಗಿ ಮಾಡಿದ್ದಾರೆ. ಸರಾಸರಿ ವೇಗ ಮಾತ್ರ 16ಕ್ಕೆ ಇಳಿದಿದೆ.