ಗೊಬ್ಬರದ ಕಂಪನಿ ಕೊಟ್ಟ ರೈನ್ ಗೇಜ್: ಏಳು ವರ್ಷ ಬಳಸಿದ ಮೇಲೆ

ಇದು ದುಡ್ಡು ಕೊಟ್ಟು ತಂದಿದ್ದಲ್ಲ. 2018ರಲ್ಲಿ ಮೂಡಿಗೆರೆಯಲ್ಲಿ ಒಂದು ಗೊಬ್ಬರದ ಕಂಪನಿಯವರು ಕಾಫಿ ಬೆಳೆಗಾರರ ಸಭೆ ಮಾಡಿದ್ದರು. ಒಂದು ಗಂಟೆ ಅವರ ಮಾತು ಕೇಳಿದೆವು, ಊಟ ಹಾಕಿದರು, ಹೊರಡುವಾಗ ಕೈಗೊಂದು ಮಳೆ ಅಳೆಯುವ ಪ್ಲಾಸ್ಟಿಕ್ ರೈನ್ ಗೇಜ್ ಕೊಟ್ಟರು. ಒಂದು ಕಡೆ ಇಂಚು ಮತ್ತು ಸೆಂಟ್ಸ್ ಗೆರೆ, ಇನ್ನೊಂದು ಕಡೆ ಮಿಲಿಮೀಟರ್, ನಡುವೆ ಹಸಿರು ಅಕ್ಷರದಲ್ಲಿ ಕಂಪನಿ ಹೆಸರು. ಅವತ್ತಿನಿಂದ ಅದು ಬಣಕಲ್ ಹತ್ತಿರದ ನಮ್ಮ ಮನೆಯ ಕಣದ ಅಂಚಿನ ಕಂಬದ ಮೇಲಿದೆ.

ಮಲೆನಾಡಿನವರಿಗೆ ಇದರ ಬೆಲೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಇಬ್ಬರು ಬೆಳೆಗಾರರು ಫೋನಲ್ಲಿ ಮಾತಾಡಿದರೆ ಮೊದಲು ಕೇಳೋದೇ "ನಿಮ್ಮಲ್ಲಿ ಎಷ್ಟಾಯ್ತು" ಅಂತ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮೊಬೈಲಿನಲ್ಲಿ ಬರೋದು ಮಿಲಿಮೀಟರ್ ಲೆಕ್ಕ, ನಾವು ಆಡೋದು ಇಂಚಿನ ಲೆಕ್ಕ. ಎರಡೂ ಪಕ್ಕಪಕ್ಕದಲ್ಲೇ ಇರೋದರಿಂದ ತುಂಬಾ ಅನುಕೂಲ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡುತ್ತೇನೆ, ನೀರು ಚೆಲ್ಲಿ ಮತ್ತೆ ಸಿಕ್ಕಿಸುತ್ತೇನೆ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಬರೆಯುತ್ತೇನೆ. ಆ ಕ್ಯಾಲೆಂಡರ್ ಕೂಡ ಒಂದು ಬಂಗಾರದ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದು. ಅದೇ ಚೌಕದಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರೆ, ಮೇಲೆ ಆರಿದ್ರಾ ಮಳೆ ಯಾವತ್ತು ಹುಟ್ಟುತ್ತೆ ಅಂತ ಅಚ್ಚಾಗಿರುತ್ತದೆ. ಏಳು ವರ್ಷದ ಕ್ಯಾಲೆಂಡರನ್ನೂ ಸುತ್ತಿ ಎತ್ತಿಟ್ಟಿದ್ದೇನೆ.

ನಿಜವಾಗಿ ಕೈಹಿಡಿದಿದ್ದು ಹೂ ಮಳೆ, ಅಂದರೆ ಕಾಫಿ ಗಿಡದ ಮೊಗ್ಗು ಅರಳಿಸುವ ಮಳೆಯ ಸಮಯದಲ್ಲಿ. ರೊಬಸ್ಟಾ ಕಾಫಿಗೆ ಸುಮಾರು ಒಂದು ಇಂಚಾದರೂ ಬೀಳಬೇಕು. ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಕಡಿಮೆ ಬಿದ್ದರೆ ಮೊಗ್ಗು ಅರೆಬರೆ ಅರಳುತ್ತದೆ, ಕಾಯಿ ಸರಿಯಾಗಿ ಕಚ್ಚಲ್ಲ. ಒಂದು ವರ್ಷ ಮಾರ್ಚ್‌ನಲ್ಲಿ ರಾತ್ರಿ ಗುಡುಗು ಸಿಡಿಲು ಸೇರಿ ಜೋರು ಮಳೆ ಹೊಡೆಯಿತು, ಹಂಚಿನ ಮೇಲಿನ ಸದ್ದು ಕೇಳಿದರೆ ಒಂದೂವರೆ ಇಂಚು ಗ್ಯಾರಂಟಿ ಅನ್ನಬೇಕು, ಗುಡ್ಡದ ಆಚೆಯ ಅಣ್ಣನೂ ಬೆಳಿಗ್ಗೆ ಫೋನ್ ಮಾಡಿ ಅವರಲ್ಲಿ ಇಂಚು ದಾಟಿದೆ ಅಂದರು. ಹೋಗಿ ನೋಡಿದರೆ ನಮ್ಮ ಗೇಜಿನಲ್ಲಿ ನಲವತ್ತೈದು ಸೆಂಟ್ಸ್! ಅವತ್ತೇ ಮೋಟಾರ್ ಹಾಕಿ, ಸ್ಪ್ರಿಂಕ್ಲರ್ ಪೈಪ್ ಎಳೆಸಿ, ಉಳಿದ ನೀರು ಕೊಟ್ಟೆ. ಆ ವರ್ಷದ ಹೂವು ಉಳಿಯಿತು. ಈ ಗೇಜ್ ಇಲ್ಲದಿದ್ದರೆ ಸುಮ್ನೆ ಕೂತಿರುತ್ತಿದ್ದೆ.

ಇದನ್ನು ಯಾಕೆ ಇಷ್ಟು ಬರೆಯುತ್ತಿದ್ದೇನೆ ಅಂದರೆ, ಜಾಹೀರಾತು ಅಂದ್ರೆ ಹೀಗಿರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ದಿನಾ ಆ ಹಸಿರು ಹೆಸರು ನೋಡುತ್ತೇನೆ, ಒಂದು ದಿನವೂ ಬೇಜಾರಾಗಿಲ್ಲ. ಟೋಪಿ, ಕೀ ಬಂಚ್, ಗೋಡೆ ಗಡಿಯಾರ ಎಷ್ಟೋ ಬಂದವು, ಎಲ್ಲಿವೆ ಅಂತಲೂ ಗೊತ್ತಿಲ್ಲ. ಗೇಜಿಗೂ ಗೊಬ್ಬರಕ್ಕೂ ಮಾತ್ರ ಸಂಬಂಧ ಇದೆ. ನೆಲ ಹದವಾಗಿ ನೆನೆದಾಗ ಗೊಬ್ಬರ ಕೊಡಬೇಕು, ಜಡಿಮಳೆಯಲ್ಲಿ ಕೊಟ್ಟರೆ ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತದೆ. ರೈತ ಮಳೆ ಅಳೆದು ಗೊಬ್ಬರ ಹಾಕಿದರೆ ಅವನಿಗೂ ಲಾಭ, ಕಂಪನಿಗೂ ಒಳ್ಳೆ ಹೆಸರು. 1900ರಲ್ಲಿ ಫ್ರಾನ್ಸಿನ ಮಿಶೆಲಿನ್ ಟೈರ್ ಕಂಪನಿಯವರು ಇದನ್ನೇ ಮಾಡಿದ್ದು. ಕಾರಿನವರಿಗೆ ಪುಕ್ಕಟೆ ಒಂದು ಪುಸ್ತಕ ಹಂಚಿದರು, ಅದರಲ್ಲಿ ಊರುಗಳ ನಕ್ಷೆ, ಟೈರ್ ಬದಲಿಸೋದು ಹೇಗೆ, ಎಲ್ಲಿ ಉಳಿದುಕೊಳ್ಳಬಹುದು, ಎಲ್ಲ ಇತ್ತು. ಜನ ಹೆಚ್ಚು ಓಡಾಡಿದರೆ ಟೈರ್ ಸವೆಯುತ್ತೆ ಅಲ್ವಾ? ಇಪ್ಪತ್ತು ವರ್ಷ ಆದಮೇಲೆ ಜನ ಅದೇ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡರು.

ಇದಕ್ಕೆ ಪೂರ್ತಿ ಉಲ್ಟಾ ಅನುಭವವೂ ಆಗಿದೆ. ಹವಾಮಾನ, ಕಾಫಿ ರೇಟು ಎಲ್ಲ ಉಚಿತ ಅಂತ ಒಂದು ಆ್ಯಪ್ ಹಾಕಿಕೊಂಡಿದ್ದೆ. ನಂಬರ್ ಕೊಟ್ಟ ಮೂರನೇ ದಿನದಿಂದ ಸಾಲ ಬೇಕಾ, ಸೈಟ್ ಬೇಕಾ ಅಂತ ಫೋನ್ ಶುರು. ಔಷಧಿ ಹೊಡೆಯೋ ಆಳುಗಳು ಕಾದು ನಿಂತಿರುವಾಗ ಅಂಥ ಫೋನ್ ಬಂದರೆ ಎಷ್ಟು ಸಿಟ್ಟು ಬರುತ್ತೆ ಹೇಳಿ. ತೆಗೆದು ಹಾಕಿದೆ. ಗೇಜ್ ನನ್ನ ಹತ್ತಿರ ಏನನ್ನೂ ಕೇಳಿಲ್ಲ.

ಗೇಜಿನ ಕೊರತೆಗಳನ್ನೂ ಹೇಳಲೇಬೇಕು. ನಾಲ್ಕು ಇಂಚಿಗೇ ತುಂಬಿ ಹೋಗುತ್ತದೆ, ನಮ್ಮ ಕಡೆಗೆ ಅದು ಸಾಲದು. 2019ರ ಆಗಸ್ಟ್‌ನಲ್ಲಿ, ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದ ಆ ದಿನಗಳಲ್ಲಿ, ರಾತ್ರಿ ಟಾರ್ಚ್ ಹಿಡಿದು ಮಳೆಗೆ ಹೊದೆಯುವ ಗೊರಬು ಹಾಕಿಕೊಂಡು ಹೋಗಿ ಚೆಲ್ಲಿ ಬರಬೇಕಾಯಿತು. ಮೂರು ವರ್ಷಕ್ಕೆ ಇಂಚಿನ ಗೆರೆಗಳು ಬಿಸಿಲಿಗೆ ಮಾಸಿದವು, ಕಂಪನಿ ಹೆಸರು ಮಾತ್ರ ಹಾಗೇ ಇದೆ. ಹೆಸರಿಗೆ ಹಾಕಿದ ಬಣ್ಣವನ್ನೇ ಗೆರೆಗೂ ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ಬ್ಲೇಡಿನಲ್ಲಿ ಗೀರಿ ಗುರುತು ಮಾಡಿಕೊಂಡಿದ್ದೇನೆ. ಇನ್ನೊಂದು ವಿಷಯ, ಸಿಲ್ವರ್ ಮರದ ಹತ್ತಿರ ಕಟ್ಟಬೇಡಿ, ಎಲೆ ಹನಿ ಸೇರಿ ಲೆಕ್ಕ ತಪ್ಪುತ್ತದೆ.

ಅವರ ಗೊಬ್ಬರ ತಗೊಂಡೆನಾ? ತಗೊಂಡೆ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ. ಈಗಲೂ ತರುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಈ ಬೇಸಿಗೆಯಲ್ಲಿ ಬುಡ ಸೀಳು ಬಿಟ್ಟಿತು, ಎಂ-ಸೀಲ್ ಹಚ್ಚಿದ್ದೇನೆ, ಸದ್ಯಕ್ಕೆ ಸೋರುತ್ತಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕೇಳಿದೆ, ಈ ಸಲ ಟೋಪಿ ಮಾತ್ರ ಬಂದಿದೆ ಅಂದರು. ಗೇಜ್ ಬಂದರೆ ದುಡ್ಡು ಕೊಟ್ಟಾದರೂ ತಗೊಳ್ತೀನಿ, ಒಂದು ತೆಗೆದಿಡಿ ಅಂತ ಹೇಳಿ ಬಂದಿದ್ದೇನೆ.