ಕ್ರೆಡಿಟ್ ವರದಿಯ ತಪ್ಪು ತಿದ್ದಿಸುವ ಉಚಿತ ಸೇವೆ: ಮೈಸೂರಿನಿಂದ ಒಂದು ವಿಮರ್ಶೆ

ಸಾಲ ಕೇಳಿಕೊಂಡು ಮೈಸೂರಿನ ಯಾವ ಬ್ಯಾಂಕಿನ ಮೆಟ್ಟಿಲು ಹತ್ತಿದರೂ ಮೊದಲು ಬರುವ ಪ್ರಶ್ನೆ ‘ನಿಮ್ಮ ಸಿಬಿಲ್ ಎಷ್ಟಿದೆ?’ ಎಂಬುದು. ಸಾಲ ತೀರಿಸಿದ ರೀತಿಯನ್ನು ನೋಡಿ ಕೊಡುವ ಆ ಅಂಕ 300ರಿಂದ 900ರ ನಡುವೆ ಎಲ್ಲಿ ನಿಂತಿದೆ ಎಂದು ನೋಡುವವರು ಬಹಳ. ಅಂಕಕ್ಕೆ ಆಧಾರವಾದ ವರದಿಯನ್ನು ಸಾಲುಸಾಲಾಗಿ ಓದುವವರು ಕಡಿಮೆ. ಅದರಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳಲು, ಜನರ ಸಾಲಗಳ ದಾಖಲೆ ಇಡುವ ಕ್ರೆಡಿಟ್ ಮಾಹಿತಿ ಕಂಪನಿಗಳು ಹಣ ಪಡೆಯದೆ ಒದಗಿಸುವ ಆನ್‌ಲೈನ್ ಸೇವೆಯನ್ನು ಈಚೆಗೆ ಬಳಸಿದೆ. ಈ ವಿಮರ್ಶೆ ಅದರದು. ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ನನ್ನ ಅನುಭವ ಇವುಗಳಲ್ಲಿ ಯಾವುದರದೆಂದು ಹೇಳುವುದಿಲ್ಲ, ಏಕೆಂದರೆ ನಾಲ್ಕೂ ನಡೆಯುವುದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ ಮತ್ತು ರಿಸರ್ವ್ ಬ್ಯಾಂಕಿನ ಆದೇಶಗಳ ಅಡಿಯಲ್ಲಿಯೇ.

ವರದಿ ಪಡೆಯುವುದು ಕಷ್ಟವಲ್ಲ. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಪ್ಯಾನ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಇದ್ದರೆ ಸಾಕು. ನಾನು ಬಳಸಿದ ಜಾಲತಾಣದಲ್ಲಿ ಚಂದಾ ಯೋಜನೆಯ ಜಾಹೀರಾತುಗಳನ್ನು ಒಂದೊಂದಾಗಿ ಸರಿಸಿಕೊಂಡೇ ಉಚಿತ ವರದಿಯನ್ನು ತಲುಪಬೇಕಾಯಿತು. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಅಂಕ ಕುಸಿಯುತ್ತದೆ ಎಂಬ ಭಯ ಅನೇಕರಲ್ಲಿದೆ, ಅದು ನಿಜವಲ್ಲ.

ನನ್ನ ವರದಿಯಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ಚಿನ್ನದ ಸಾಲಕ್ಕೆ ಸಂಬಂಧಿಸಿದ್ದು. ನಮ್ಮ ಕಡೆ ಒಡವೆ ಅಡವಿಟ್ಟವರು ವರ್ಷ ತುಂಬುತ್ತಲೇ ಬಡ್ಡಿ ಕಟ್ಟಿ ಮರು ಅಡವು ಮಾಡುವುದು ವಾಡಿಕೆ. ಪ್ರತಿ ಸಲವೂ ಹೊಸ ಖಾತೆ ಸಂಖ್ಯೆ ಹುಟ್ಟುವುದರಿಂದ, ಮನೆಯವರ ಲೆಕ್ಕದಲ್ಲಿ ಒಂದೇ ಆಗಿರುವ ಸಾಲ ವರದಿಯಲ್ಲಿ ನಾಲ್ಕಾರು ಸಾಲವಾಗಿ ಕಾಣುತ್ತದೆ. ಹೀಗೆ ಮುಗಿದುಹೋಗಿದ್ದ ಖಾತೆಯೊಂದು ನನ್ನ ವರದಿಯಲ್ಲಿ ಇನ್ನೂ ಚಾಲ್ತಿಯಲ್ಲಿತ್ತು. ಒಡವೆ ಬಿಡಿಸಿಕೊಂಡು ಬಂದು ಎಷ್ಟೋ ಕಾಲವಾಗಿದ್ದರೂ, ಕಂತು ತಪ್ಪಿದ ದಿನಗಳನ್ನು ತಿಂಗಳುವಾರು ತೋರಿಸುವ ಡಿಪಿಡಿ ಚೌಕಗಳಲ್ಲಿ 30, 60, 90 ಎಂದು ಸಂಖ್ಯೆ ಏರುತ್ತಲೇ ಇತ್ತು. ಎರಡನೆಯದು ನಾನು ಕಂಡೂ ಕೇಳರಿಯದ ಒಂದು ದ್ವಿಚಕ್ರ ವಾಹನದ ಸಾಲ. ನನ್ನದೇ ಹೆಸರಿನ ಮತ್ತೊಬ್ಬರದು. ಹಳೆ ಮೈಸೂರು ಸೀಮೆಯಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಇನಿಷಿಯಲ್ಲಾಗಿ ನಿಲ್ಲುತ್ತವೆ. ಪ್ಯಾನ್ ಕಾರ್ಡಿನಲ್ಲಿ ಅವೇ ಬಿಡಿಸಿದ ರೂಪದಲ್ಲಿ ಬರುತ್ತವೆ, ಪಾಸ್‌ಬುಕ್ಕಿನಲ್ಲಿ ಹೆಸರಿನ ಹಿಂದಕ್ಕೋ ಮುಂದಕ್ಕೋ ಅಂಟಿಕೊಂಡಿರುತ್ತವೆ. ಸಾಲ ಕೊಟ್ಟವರು ಪ್ಯಾನ್ ಸಂಖ್ಯೆಯನ್ನು ಸರಿಯಾಗಿ ದಾಖಲಿಸದಿದ್ದರೆ, ಹೆಸರು ಮತ್ತು ಜನ್ಮದಿನಾಂಕವನ್ನು ನೋಡಿ ಖಾತೆ ಜೋಡಿಸುವ ವ್ಯವಸ್ಥೆಯಲ್ಲಿ ಇಂಥ ಗೋಜಲು ಸಹಜವೆಂದೇ ಹೇಳಬೇಕು.

ತಿದ್ದುಪಡಿಯ ಫಾರ್ಮು ಚೆನ್ನಾಗಿದೆ. ವರದಿಯ ಯಾವ ಖಾತೆ, ಅದರ ಯಾವ ವಿವರ ತಪ್ಪು, ಸರಿಯಾದದ್ದು ಏನು ಎಂದು ಗುರುತಿಸಿ ಕಳಿಸಿದರೆ ದೂರಿನ ಸಂಖ್ಯೆ ಬರುತ್ತದೆ, ಆ ಖಾತೆ ವಿವಾದದಲ್ಲಿದೆ ಎಂಬ ಟಿಪ್ಪಣಿಯೂ ಬೀಳುತ್ತದೆ. ನನಗೆ ಕೊರತೆಯಾಗಿ ಕಂಡದ್ದು ಒಂದೇ: ಸಾಲ ತೀರಿದೆಯೆಂದು ಬ್ಯಾಂಕು ಕೊಡುವ ನೋ ಡ್ಯೂ ಪತ್ರವನ್ನು ಲಗತ್ತಿಸಲು ಜಾಗವಿರಲಿಲ್ಲ. ಆದರೆ ಜಾಗವಿದ್ದರೂ ಹೆಚ್ಚಿನ ಉಪಯೋಗವಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಸಾಲದ ವಿವರವನ್ನು ಈ ಕಂಪನಿಗಳು ತಾವಾಗಿಯೇ ತಿದ್ದುವಂತಿಲ್ಲ. ದೂರನ್ನು ಸಾಲ ಕೊಟ್ಟ ಸಂಸ್ಥೆಗೆ ರವಾನಿಸಿ, ಅಲ್ಲಿಂದ ಒಪ್ಪಿಗೆ ಬಂದ ಮೇಲಷ್ಟೇ ದಾಖಲೆ ಬದಲಾಗುತ್ತದೆ. ಅಂದರೆ ನಾವು ದೂರು ಕೊಡುವುದು ಒಂದು ಕಡೆ, ತೀರ್ಮಾನವಾಗುವುದು ಇನ್ನೊಂದು ಕಡೆ. ಈ ಸೇವೆಯ ಗುಣವನ್ನಾಗಲಿ ದೋಷವನ್ನಾಗಲಿ ಅಳೆಯುವವರು ಇದನ್ನು ಮರೆಯಬಾರದು.

ಆದ್ದರಿಂದ ಆನ್‌ಲೈನ್ ದೂರು ಕೊಟ್ಟ ದಿನವೇ ಶಾಖೆಗೂ ಹೋಗಿ ಅರ್ಜಿ ಕೊಡುವುದು ಒಳ್ಳೆಯದು. ನಮ್ಮ ಶಾಖೆಯ ಅಧಿಕಾರಿ ಖಾತೆ ಸಂಖ್ಯೆ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: ‘ನಮ್ಮಲ್ಲಿ ಕ್ಲೋಸ್ ಆಗಿದೆ ಸಾರ್, ಮೇಲಿನಿಂದ ಅವರಿಗೆ ಹೋಗಿಲ್ಲ ಅಷ್ಟೇ. ಒಂದು ಲೆಟರ್ ಕೊಡಿ, ಹೆಡ್ ಆಫೀಸಿಗೆ ಹಾಕ್ತೀನಿ.’ ಅರ್ಜಿಯ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬಂದೆ. ಆ ಖಾತೆ ಗಡುವಿಗೆ ಮೊದಲೇ ಸರಿಹೋಯಿತು. ಗಡುವು ಎಂದರೆ ದೂರು ಕೊಟ್ಟಂದಿನಿಂದ 30 ದಿನ. ಸಾಲ ಕೊಟ್ಟ ಸಂಸ್ಥೆ 21 ದಿನದೊಳಗೆ ಸರಿಯಾದ ಮಾಹಿತಿಯನ್ನು ಕಂಪನಿಗೆ ಮುಟ್ಟಿಸಬೇಕು. 30 ದಿನ ಮೀರಿದರೆ, ತಡ ಮಾಡಿದವರು ದೂರುದಾರರಿಗೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸೀಲು ಬಿದ್ದ ಪ್ರತಿಗೆ ಬೆಲೆ ಬರುವುದು ಆಗ.

ದ್ವಿಚಕ್ರ ವಾಹನದ ವಿಷಯ ಇಷ್ಟು ಸಲೀಸಾಗಿರಲಿಲ್ಲ. ‘ಮಾಹಿತಿ ಸರಿಯಿದೆಯೆಂದು ಸಾಲದಾತ ಸಂಸ್ಥೆ ದೃಢಪಡಿಸಿದೆ’ ಎಂಬ ಒಂದೇ ವಾಕ್ಯದಲ್ಲಿ ದೂರನ್ನು ಮುಗಿಸಿದರು. ತಿದ್ದುಪಡಿಯನ್ನು ನಿರಾಕರಿಸಿದರೆ ಕಾರಣ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲೇ ಆದೇಶಿಸಿದೆ. ಈ ವಾಕ್ಯವನ್ನು ಕಾರಣವೆಂದು ಒಪ್ಪಲು ಸಾಧ್ಯವಿಲ್ಲ. ಆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಪತ್ರ ಬರೆದು, ಆ ಸಾಲದ ಅರ್ಜಿಯಲ್ಲಿರುವ ಫೋಟೊ, ಸಹಿ ಮತ್ತು ಪ್ಯಾನ್ ಸಂಖ್ಯೆಯನ್ನು ನನ್ನವುಗಳ ಜೊತೆ ಹೋಲಿಸಿ ನೋಡಬೇಕೆಂದು ಕೇಳಿದ ನಂತರವೇ ಅವರು ತಪ್ಪನ್ನು ಒಪ್ಪಿದರು. ‘ಈ ಸಾಲ ನನ್ನದಲ್ಲ’ ಎಂದು ಹತ್ತು ಸಲ ಬರೆಯುವುದಕ್ಕಿಂತ ‘ಅರ್ಜಿಯನ್ನು ತೆಗೆದು ನೋಡಿ’ ಎಂದು ಒಂದು ಸಲ ಬರೆಯುವುದು ಮೇಲು.

ಕರೆಂಟ್ ಕಂಬಗಳ ಮೇಲೆ ‘ಸಿಬಿಲ್ ಸರಿಪಡಿಸಿಕೊಡಲಾಗುವುದು’ ಎಂದು ಚೀಟಿ ಅಂಟಿಸುವ ಮಧ್ಯವರ್ತಿಗಳನ್ನೂ ವಿಚಾರಿಸಿ ನೋಡಿದೆ. ಅವರು ತುಂಬುವುದೂ ಇದೇ ಪುಕ್ಕಟೆ ಫಾರ್ಮು. ಅದಕ್ಕೆ ಸಾವಿರಗಟ್ಟಲೆ ಮುಂಗಡ, ಜೊತೆಗೆ ನಮ್ಮ ಒಟಿಪಿ. ನಿಜವಾಗಿ ತಪ್ಪಿದ ಕಂತನ್ನಾಗಲಿ, ರಾಜಿಯಲ್ಲಿ ತೀರಿಸಿದ ಸಾಲದ ‘ಸೆಟಲ್ಡ್’ ಎಂಬ ನಮೂದನ್ನಾಗಲಿ ಅಳಿಸುವ ಶಕ್ತಿ ಅವರಿಗಿಲ್ಲ. ಆ ಹಣವನ್ನು ಬಾಕಿ ಇರುವ ಸಾಲಕ್ಕೇ ಕಟ್ಟುವುದು ಲೇಸು.

30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು; ಕ್ರೆಡಿಟ್ ಮಾಹಿತಿ ಕಂಪನಿಗಳು 2022ರ ಸೆಪ್ಟೆಂಬರ್ 1ರಿಂದ ಆ ವ್ಯಾಪ್ತಿಗೆ ಬಂದಿವೆ. ನಮ್ಮೂರಿನಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವಿದೆಯೆಂದು ಅರ್ಜಿ ಹಿಡಿದು ಅತ್ತ ಹೋಗುವಂತಿಲ್ಲ! ಆನ್‌ಲೈನಿನಲ್ಲಿ ಕೊಡಬೇಕು, ಕಾಗದದಲ್ಲಿಯೇ ಆಗಬೇಕೆಂದರೆ ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬೇಕು. ಸಾಲ ಕೊಟ್ಟ ಬ್ಯಾಂಕೇ ಈಗ ಇಲ್ಲವೆಂದಾದರೆ, ಅದು ವಿಲೀನವಾದ ಬ್ಯಾಂಕೇ ಹೊಣೆ. ನಮ್ಮಲ್ಲಿ ಬಹಳ ಜನರಿಗೆ ಹಳೆಯ ಸಾಲವಿದ್ದದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಗಿರುವುದರಿಂದ ಅಂಥವರು ಹೋಗಬೇಕಾದದ್ದು ಅಲ್ಲಿಗೆ.

ಒಟ್ಟಿನಲ್ಲಿ ಫಾರ್ಮಿಗೆ ಐದಕ್ಕೆ ನಾಲ್ಕು ಅಂಕ, ದೂರು ತಿರಸ್ಕರಿಸುವಾಗ ಕೊಡುವ ಉತ್ತರಕ್ಕೆ ಒಂದು. ಒಂದು ಕಂಪನಿಯಲ್ಲಿ ಸರಿಯಾದದ್ದು ಉಳಿದ ಮೂರರಲ್ಲೂ ಸರಿಯಾಗಿದೆಯೇ ಎಂದು ಅವುಗಳ ಉಚಿತ ವರದಿಯನ್ನೂ ತೆಗೆಸಿ ನೋಡಬೇಕು. ನನ್ನದಲ್ಲದ ಆ ದ್ವಿಚಕ್ರ ವಾಹನ ಮೂರು ವರದಿಗಳಿಂದ ಹೋಗಿದೆ. ನಾಲ್ಕನೆಯದರಲ್ಲಿ ದೂರು ಇನ್ನೂ ನಡೆಯುತ್ತಿದೆ.