ಮಹಡಿಯ ಮೇಲಕ್ಕೆ 2.5 ಗಿಗಾಬಿಟ್: ಒಂದು ಸ್ವಿಚ್ ಮತ್ತು ಹಳೆಯ ತಂತಿಯ ವಿಮರ್ಶೆ

ನನ್ನ ತಮ್ಮ ಮದುವೆಗಳ ವಿಡಿಯೊ ಚಿತ್ರೀಕರಣ ಮಾಡುತ್ತಾನೆ. ಬಳ್ಳಾರಿಯ ಗಾಂಧಿನಗರದಲ್ಲಿರುವ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳುಳ್ಳ ನೆಟ್‌ವರ್ಕ್ ಸ್ಟೋರೇಜ್, ಅಂದರೆ ತಂತಿಯ ಮೂಲಕ ಬೇರೆ ಕಂಪ್ಯೂಟರಿನಿಂದ ಬಳಸಬಹುದಾದ ಫೈಲ್ ಸಂಗ್ರಹದ ಪೆಟ್ಟಿಗೆ ಇದೆ. ಎಡಿಟಿಂಗ್ ಕಂಪ್ಯೂಟರ್ ಇರುವುದು ಮಹಡಿಯ ಮೇಲೆ. ಒಂದು ಮದುವೆಯ ಕಚ್ಚಾ ವಿಡಿಯೊ ಸುಮಾರು 120 ಗಿಗಾಬೈಟ್ ಆಗುತ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ತರಲು ನಮಗೆ ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯುತ್ತಿತ್ತು. ಇದಕ್ಕೆ ಪರಿಹಾರವೆಂದು ಟಿಪಿ-ಲಿಂಕ್ ಕಂಪನಿಯ ಟಿಎಲ್-ಎಸ್‌ಜಿ105-ಎಂ2 ಎಂಬ ಐದು ಪೋರ್ಟಿನ 2.5 ಗಿಗಾಬಿಟ್ ಸ್ವಿಚ್ (ಯಂತ್ರಗಳನ್ನು ತಂತಿಯ ಮೂಲಕ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಕೊಂಡೆವು. ಸ್ಟೋರೇಜಿನಲ್ಲಿ 2.5 ಗಿಗಾಬಿಟ್ ಪೋರ್ಟ್ ಮೊದಲೇ ಇತ್ತು. ಕಂಪ್ಯೂಟರಿಗೆ ಅದೇ ವೇಗದ ಯುಎಸ್‌ಬಿ ಅಡಾಪ್ಟರ್ ತಂದೆವು.

ಎಲ್ಲವನ್ನೂ ಜೋಡಿಸಿದ ಮೇಲೂ ಫೈಲ್ ನಕಲಾಗುವ ವೇಗ ಸೆಕೆಂಡಿಗೆ 11 ಮೆಗಾಬೈಟ್‌ನಲ್ಲಿಯೇ ನಿಂತಿತ್ತು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ಎಷ್ಟು ದೊಡ್ಡ ಫೈಲ್ ನಕಲಿಸಿದರೂ ವೇಗ 11 ಅಥವಾ 12ನ್ನು ದಾಟುತ್ತಿಲ್ಲವೆಂದರೆ ಆ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್‌ಗೆ ಇಳಿದಿದೆ ಎಂದೇ ಬಹುಮಟ್ಟಿಗೆ ಅರ್ಥ (ಎಂಟು ಬಿಟ್ ಸೇರಿದರೆ ಒಂದು ಬೈಟ್). 100 ಮೆಗಾಬಿಟ್‌ಗೆ ಕೇಬಲ್ಲಿನೊಳಗಿನ ಎರಡು ಜೊತೆ ತಂತಿಗಳು ಸಾಕು. ಗಿಗಾಬಿಟ್ ಮತ್ತು ಅದಕ್ಕೂ ಮೇಲಿನ ವೇಗಕ್ಕೆ ನಾಲ್ಕು ಜೊತೆ, ಅಂದರೆ ಎಂಟೂ ತಂತಿಗಳು ಸರಿಯಾಗಿ ಕೂಡಿರಬೇಕು. ಹೆಚ್ಚುವರಿ ಎರಡರಲ್ಲಿ ಒಂದು ಜೊತೆ ಕೈಕೊಟ್ಟರೂ ಯಂತ್ರಗಳು ತಾವಾಗಿಯೇ ಕೆಳಗಿನ ವೇಗಕ್ಕೆ ಒಪ್ಪಿಕೊಂಡು ಕೆಲಸ ಮುಂದುವರಿಸುತ್ತವೆ, ಹೀಗಾಗಿ ದೋಷ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುತ್ತದೆ.

ನಮ್ಮಲ್ಲಿ ಆಗಿದ್ದೂ ಇದೇ. ಮನೆ ಕಟ್ಟುವಾಗ ಗೋಡೆಯೊಳಗೆ ಎಳೆದಿದ್ದ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ಲಿನ ತುದಿಗಳಲ್ಲಿ ಎಂಟರ ಬದಲು ನಾಲ್ಕೇ ತಂತಿಗಳನ್ನು ಕ್ರಿಂಪ್ ಮಾಡಿ, ಅಂದರೆ ಕನೆಕ್ಟರಿನೊಳಗೆ ಒತ್ತಿ ಕೂಡಿಸಿ, ಉಳಿದ ನಾಲ್ಕನ್ನು ಕತ್ತರಿಸಿಬಿಟ್ಟಿದ್ದರು. ಊರಿನ ಕೇಬಲ್ ಕೆಲಸಗಾರರೊಬ್ಬರನ್ನು ಕರೆಸಿ ಎರಡೂ ತುದಿಗಳಿಗೆ ಹೊಸ ಆರ್‌ಜೆ45 ಕನೆಕ್ಟರ್ ಹಾಕಿಸಿದೆವು. ಅವರು ಮೆಟ್ಟಿಲ ಬಳಿಯ ಡಬ್ಬಿಯಿಂದ ಸ್ಟೋರೇಜಿನವರೆಗೆ ಹೋಗುವ ಇನ್ನೊಂದು ತುಂಡು ಕೇಬಲ್ಲನ್ನೂ ಪರೀಕ್ಷಿಸಿದರು. ಅದನ್ನು ನಾವು ಹಿಂದೊಮ್ಮೆ ಅಂಗಡಿಯೊಂದರಲ್ಲಿ ಮೀಟರ್ ಲೆಕ್ಕದಲ್ಲಿ ತಂದಿದ್ದೆವು. ತಂತಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಣ್ಣ ಕಾಣಿಸಿತು. "ಸರ್, ಇದು ತಾಮ್ರ ಅಲ್ರಿ, ಮ್ಯಾಲಿನ ಲೇಪ ಅಷ್ಟೇ ತಾಮ್ರದ್ದು ಐತಿ," ಎಂದರು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಇಂಥ ತಂತಿಯನ್ನು ಸಿಸಿಎ ಎನ್ನುತ್ತಾರೆ. ಇದರ ವಿದ್ಯುತ್ ಪ್ರತಿರೋಧ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ, ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂಬ ಮಾನದಂಡಕ್ಕೆ ಇದು ಒಳಪಡುವುದೇ ಇಲ್ಲ. ಆದರೂ ಕೇಬಲ್ಲಿನ ಮೇಲೆ ಕ್ಯಾಟ್ 6 ಎಂದು ಅಚ್ಚು ಹಾಕಿ ಮಾರಿದ್ದರು. ಗ್ರಾಹಕರಿಗೆ ಮಾಡುವ ಈ ಮೋಸ ನನಗೆ ನಿಜವಾಗಿಯೂ ನೋವು ತಂದಿತು. ಅದನ್ನು ತೆಗೆದು, ಶುದ್ಧ ತಾಮ್ರದ 12 ಮೀಟರ್ ಕ್ಯಾಟ್ 6 ಕೇಬಲ್ ಎಳೆಸಿದೆವು. ಗೋಡೆಯೊಳಗಿನ ಹಳೆಯ ಕ್ಯಾಟ್ 5ಇ ಶುದ್ಧ ತಾಮ್ರದ್ದಾಗಿದ್ದರಿಂದ ಹಾಗೆಯೇ ಉಳಿಯಿತು.

ಗೋಡೆ ಒಡೆಯಬೇಕಾಗಲಿಲ್ಲ ಎಂಬುದೇ 2.5 ಗಿಗಾಬಿಟ್‌ನ ದೊಡ್ಡ ಗುಣ. 2016ರಲ್ಲಿ ಬಂದ ಐಇಇಇ 802.3ಬಿಝಡ್ ಮಾನದಂಡವನ್ನು ರೂಪಿಸಿದ್ದೇ ಕಟ್ಟಡಗಳಲ್ಲಿ ಆಗಲೇ ಇರುವ ತಂತಿಗಳನ್ನು ಬಳಸಿಕೊಳ್ಳಲು. ಅದರ ಪ್ರಕಾರ ಕ್ಯಾಟ್ 5ಇ ಮೇಲೆ 100 ಮೀಟರ್‌ವರೆಗೆ 2.5 ಗಿಗಾಬಿಟ್ ಹರಿಯುತ್ತದೆ. 10 ಗಿಗಾಬಿಟ್‌ಗೆ ಅಷ್ಟೇ ದೂರಕ್ಕೆ ಕ್ಯಾಟ್ 6ಎ ಬೇಕು. ತಾಮ್ರದ ತಂತಿಯ 10 ಗಿಗಾಬಿಟ್ ಉಪಕರಣಗಳು ಬಿಸಿಯಾಗುವುದೂ ಹೆಚ್ಚು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಮನೆಗೆ ಅದನ್ನು ನಾನು ಸೂಚಿಸಲಾರೆ. ಈ ಸ್ವಿಚ್ಚಿಗೆ ಫ್ಯಾನ್ ಇಲ್ಲ, ಲೋಹದ ಮೈಯೇ ಶಾಖವನ್ನು ಹೊರಹಾಕುತ್ತದೆ. ಗಣಿಯ ಕೆಂಪು ಧೂಳು ಕಿಟಕಿಯ ಸಂದುಗಳಲ್ಲಿ ಸೇರಿಕೊಳ್ಳುವ ಊರಿನಲ್ಲಿ ಫ್ಯಾನ್ ಇಲ್ಲದಿರುವುದು ಒಳ್ಳೆಯದೇ. ಆದರೆ ಅದನ್ನು ಬಿಸಿಲಿಗೆ ಕಾಯುವ ಅಟ್ಟದ ಮೇಲಾಗಲಿ, ಮುಚ್ಚಿದ ಕಪಾಟಿನೊಳಗಾಗಲಿ ಇಡದೆ ಗಾಳಿಯಾಡುವ ಜಾಗದಲ್ಲಿ ಇಡಬೇಕು.

ತುದಿಗಳು ಸರಿಯಾದ ಮೇಲೆ ನೆಟ್‌ವರ್ಕಿನ ವೇಗವನ್ನು ಅಳೆಯುವ ಐಪರ್ಫ್3 ತಂತ್ರಾಂಶದಿಂದ ನೋಡಿದಾಗ 2.35 ಗಿಗಾಬಿಟ್ ಬಂತು. ಇಂಥ ಸಂಪರ್ಕದಲ್ಲಿ ನಿರೀಕ್ಷಿಸಬಹುದಾದ ಪೂರ್ತಿ ವೇಗವೇ ಅದು. ಹಳೆಯ ಗಿಗಾಬಿಟ್ ಸ್ವಿಚ್ಚನ್ನೇ ಮತ್ತೆ ಹಾಕಿ ಹೋಲಿಸಿದೆ: ವೇಗ ಸೆಕೆಂಡಿಗೆ 112 ಮೆಗಾಬೈಟ್, 120 ಗಿಗಾಬೈಟ್‌ಗೆ ಸುಮಾರು 18 ನಿಮಿಷ. ಹೊಸ ಸ್ವಿಚ್ಚಿನಲ್ಲಿ ಅದೇ ಕೆಲಸಕ್ಕೆ 10 ನಿಮಿಷ. ಅಂದರೆ ಮೂರು ಗಂಟೆಯನ್ನು 18 ನಿಮಿಷಕ್ಕೆ ಇಳಿಸಿದ್ದು ಸರಿಯಾಗಿ ಕ್ರಿಂಪ್ ಮಾಡಿದ ತುದಿಗಳು ಮತ್ತು ಒಂದು ತುಂಡು ಒಳ್ಳೆಯ ತಂತಿ. ಸ್ವಿಚ್ ಉಳಿಸಿದ್ದು ನಂತರದ ಎಂಟು ನಿಮಿಷಗಳನ್ನು. ದಿನಕ್ಕೆ ನಾಲ್ಕೈದು ಬಾರಿ ಫೈಲ್ ಸಾಗಿಸುವ ನಮಗೆ ಆ ಎಂಟು ನಿಮಿಷವೂ ಬೆಲೆಯುಳ್ಳದ್ದೇ.

10 ನಿಮಿಷಕ್ಕಿಂತ ಕೆಳಗೆ ಇಳಿಯದಿರುವುದಕ್ಕೆ ಸ್ವಿಚ್ ಕಾರಣವಲ್ಲ. ನಮ್ಮ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸರಾಸರಿ 200 ಮೆಗಾಬೈಟ್ ಮಾತ್ರ ಓದಬಲ್ಲದು. ಅದು ತುಂಬುತ್ತಾ ಬಂದು ದತ್ತಾಂಶ ತಟ್ಟೆಯ ಒಳ ಸುತ್ತುಗಳಿಗೆ ಸರಿದಂತೆ ವೇಗ ಇನ್ನಷ್ಟು ಇಳಿಯುತ್ತದೆ. ಸಾವಿರಾರು ಸಣ್ಣ ಫೋಟೊಗಳನ್ನು ನಕಲಿಸುವಾಗಲೂ ಈ ವೇಗ ಸಿಗುವುದಿಲ್ಲ.

ಕೊಳ್ಳುವವರು ಗಮನಿಸಬೇಕಾದ ಮಾತುಗಳು ಇನ್ನೂ ಕೆಲವಿವೆ. ಯುಎಸ್‌ಬಿ ಅಡಾಪ್ಟರನ್ನು ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಅದರ 480 ಮೆಗಾಬಿಟ್ ಮಿತಿಯೇ ಅಡ್ಡಬರುತ್ತದೆ. ಕಂಪ್ಯೂಟರ್ ಮತ್ತು ಸ್ಟೋರೇಜ್ ಎರಡನ್ನೂ ನೇರವಾಗಿ ಹೊಸ ಸ್ವಿಚ್ಚಿಗೇ ಜೋಡಿಸಬೇಕು; ರೂಟರಿನ ಪೋರ್ಟ್ ಗಿಗಾಬಿಟ್‌ನದ್ದಾಗಿದ್ದರೂ ಆಗ ತೊಂದರೆಯಿಲ್ಲ, ಏಕೆಂದರೆ ಇವೆರಡರ ನಡುವಿನ ಫೈಲುಗಳು ರೂಟರನ್ನು ಹಾಯ್ದು ಹೋಗುವುದಿಲ್ಲ. ಇಂಟರ್ನೆಟ್ಟಿನ ವೇಗ ಮಾತ್ರ ನೀವು ಹಾಕಿಸಿಕೊಂಡ ಪ್ಲಾನಿನಷ್ಟೇ ಇರುತ್ತದೆ.

ನಮ್ಮ ಮುಂದಿನ ಕೋಣೆಯ ಲೈನ್ ಇನ್ನೂ 100 ಮೆಗಾಬಿಟ್‌ನಲ್ಲಿಯೇ ಇದೆ. ಅದು ಕರೆಂಟಿನ ವೈರುಗಳಿರುವ ಪೈಪಿನೊಳಗೇ ಹಾದುಹೋಗಿದೆ, ಸುರಕ್ಷತೆಯ ದೃಷ್ಟಿಯಿಂದ ಅದು ತಪ್ಪು. ಅದಕ್ಕೆ ಬೇರೆಯೇ ಪೈಪ್ ಹಾಕಿಸುವ ಕೆಲಸವನ್ನು ಮುಂದಿನ ತಿಂಗಳು ಅದೇ ಕೆಲಸಗಾರರಿಗೆ ಒಪ್ಪಿಸಿದ್ದೇವೆ.